ಗಂಟೆ ಹೊಡೆಯದ ಕಾಲೇಜು

ಅಂಚೆಯಲ್ಲಿ ಡಿಗ್ರಿ ಮಾಡೋದು ಬಲು ಸುಲಭ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ನಮ್ಮ ಕಾಲೇಜಿನ ಕ್ಯಾಂಟೀನಿನಲ್ಲಿ ಈ ಮಾತು ವಾರಕ್ಕೊಮ್ಮೆಯಾದರೂ ಕಿವಿಗೆ ಬೀಳುತ್ತದೆ. "ಅವನಿಗೇನಪ್ಪಾ, ಕ್ಲಾಸಿಲ್ಲ, ಹಾಜರಿಯಿಲ್ಲ, ಹೋಗಿ ಪರೀಕ್ಷೆಗೆ ಕೂತರಾಯಿತು" ಅನ್ನುತ್ತಾರೆ. ಹೇಳುವವರು ಕೆಟ್ಟವರೇನಲ್ಲ, ನಮ್ಮವರೇ. ಅವರಲ್ಲೇ ಅನೇಕರ ಅಣ್ಣನೋ, ಅತ್ತಿಗೆಯೋ, ಊರಿನಿಂದ ಬಂದು ಹೊಟೇಲಿನ ಗಲ್ಲಾ ನೋಡಿಕೊಳ್ಳುತ್ತಿರುವ ಚಿಕ್ಕಪ್ಪನ ಮಗನೋ ಹೀಗೆ ಓದುತ್ತಿರುತ್ತಾರೆ. ನಾನು ಬಿ.ಎ. ಮುಗಿಸಿದ್ದೂ ಹೀಗೆಯೇ, ಅಂಧೇರಿಯ ಒಂದು ಆಫೀಸಿನಲ್ಲಿ ಲೆಕ್ಕ ಬರೆಯುತ್ತ. ಈಗ ನಿಮ್ಮ ನಡುವೆ ಬೆಂಚಿನ ಮೇಲೆ ಕೂತು ಎಂ.ಎ. ಓದುತ್ತಿದ್ದೇನೆ. ಎರಡೂ ಬಗೆಯ ಓದನ್ನು ಕಂಡವನಾದ್ದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಹೇಳಲು ನನಗೆ ಹಕ್ಕಿದೆ ಅಂದುಕೊಂಡಿದ್ದೇನೆ.

ದೂರಶಿಕ್ಷಣದ ವಿದ್ಯಾರ್ಥಿಗೆ ಲೋಕ ಕೊಡುವ ಉಪದೇಶ ಒಂದೇ: ವೇಳೆಯನ್ನು ಸರಿಯಾಗಿ ಹೊಂದಿಸಿಕೋ. ಟೈಂಟೇಬಲ್ ಬರೆದು ಗೋಡೆಗೆ ಅಂಟಿಸು, ಬೆಳಗಿನ ಜಾವ ಏಳು, ರೈಲಿನಲ್ಲಿ ಓದು, ಭಾನುವಾರ ಹಾಳು ಮಾಡಬೇಡ. ಇದರಲ್ಲಿ ಅರ್ಧ ಸತ್ಯ ಇದೆ. ಇನ್ನರ್ಧವನ್ನು ಯಾರೂ ಹೇಳುವುದಿಲ್ಲ. ಕನ್ನಡದಲ್ಲಿ ಗಂಟೆ ಅನ್ನುವ ಮಾತಿಗೆ ಎರಡು ಅರ್ಥ ಇದೆಯಷ್ಟೆ. ಗಡಿಯಾರದ ಗಂಟೆ ಒಂದು, ಬಾರಿಸುವ ಗಂಟೆ ಇನ್ನೊಂದು. ಕಾಲೇಜಿಗೆ ಬರುವ ನಮಗೆ ಎರಡೂ ಪುಕ್ಕಟೆ ಸಿಗುತ್ತವೆ. ಹನ್ನೊಂದಕ್ಕೆ ಹಳಗನ್ನಡ ಅಂದರೆ ಹನ್ನೊಂದಕ್ಕೆ ಹಳಗನ್ನಡ. ನಮಗೆ ಮನಸ್ಸಿದ್ದರೂ ಇಲ್ಲದಿದ್ದರೂ ಗಂಟೆ ಹೊಡೆಯುತ್ತದೆ, ಮೇಷ್ಟ್ರು ಬರುತ್ತಾರೆ, ಪಕ್ಕದವನು ಪುಸ್ತಕ ತೆರೆಯುತ್ತಾನೆ. ಮನೆಯಲ್ಲಿ ಕೂಡ "ಅವನು ಕಾಲೇಜಿಗೆ ಹೋಗಿದ್ದಾನೆ" ಅನ್ನುವ ಒಂದು ಮಾತಿನಿಂದ ನಮಗೆ ನೂರು ಕೆಲಸ ಮಾಫಿ. ಅಂಚೆಯಲ್ಲಿ ಓದುವವನು ಗಡಿಯಾರದ ಗಂಟೆಯನ್ನು ಹೇಗೋ ಕದ್ದು ತರಬಹುದು. ಬಾರಿಸುವ ಗಂಟೆ ಅವನಿಗೆ ಇಲ್ಲವೇ ಇಲ್ಲ. ಅರ್ಧದಲ್ಲಿ ಓದು ಬಿಟ್ಟವರಲ್ಲಿ ಹೆಚ್ಚಿನವರು ಬಿಟ್ಟದ್ದು ಈ ಕಾರಣಕ್ಕೆ ಅಂತ ನನ್ನ ಅಭಿಪ್ರಾಯ. ಆ ಗಂಟೆಯನ್ನು ಒಬ್ಬನೇ ಬಾರಿಸಿಕೊಳ್ಳುವುದು ಬಹಳ ಕಷ್ಟ. ಸುತ್ತಲಿನವರು, ಅಂದರೆ ನಾವು, ಕೈ ಹಾಕಬೇಕು.

ಈ ಬಗೆಯ ಓದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಲಂಡನ್ ವಿಶ್ವವಿದ್ಯಾಲಯ ತನ್ನ ಪರೀಕ್ಷೆಗಳನ್ನು ಹೊರಗಿನವರಿಗೆ ತೆರೆದದ್ದು ೧೮೫೮ರಲ್ಲಿ. ನಮ್ಮ ದೇಶದಲ್ಲಿ ದೆಹಲಿ ವಿಶ್ವವಿದ್ಯಾಲಯ ೧೯೬೨ರಲ್ಲಿ ಮೊದಲು ಶುರುಮಾಡಿತು. ಮೈಸೂರಿನಲ್ಲಿ ೧೯೬೯, ನಮ್ಮ ಮುಂಬಯಿಯಲ್ಲಿ ೧೯೭೧. ಆಮೇಲೆ ೧೯೮೫ರಲ್ಲಿ ದೆಹಲಿಯ ಇಗ್ನೋ, ೧೯೮೯ರಲ್ಲಿ ನಾಸಿಕದ ಯಶವಂತರಾವ್ ಚವಾಣ್ ಮುಕ್ತ ವಿಶ್ವವಿದ್ಯಾಲಯ, ೧೯೯೬ರಲ್ಲಿ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ. ಕನ್ನಡದಲ್ಲಿ ಇದಕ್ಕೆ ಬಹಳ ದಿನ ಅಂಚೆ ತೆರಪಿನ ಶಿಕ್ಷಣ ಅನ್ನುವ ಹೆಸರಿತ್ತು. ಈಗ ದೂರಶಿಕ್ಷಣ ಅನ್ನುತ್ತೇವೆ. ನನಗೆ ಹಳೆಯ ಹೆಸರೇ ಇಷ್ಟ. ತೆರಪು ಅಂದರೆ ಬಿಡುವು, ನಡುವೆ ಸಿಗುವ ಖಾಲಿ ಜಾಗ. ಅಂಚೆಯವನು ಪಾಠ ತಂದು ಕೊಡುತ್ತಾನೆ, ನೀನು ತೆರಪಿನಲ್ಲಿ ಓದು ಅಂತ ಆ ಹೆಸರೇ ಹೇಳುತ್ತದೆ. ಅಂಚೆಯವನ ಜಾಗಕ್ಕೆ ಈಗ ಮೊಬೈಲು ಬಂದಿದೆ, ಪಾಠಗಳು ಪಿಡಿಎಫ್ ಆಗಿ ಇಳಿಯುತ್ತವೆ. ತೆರಪು ಮಾತ್ರ ಎಲ್ಲಿಂದಲೂ ಇಳಿಯುವುದಿಲ್ಲ.

ಎಷ್ಟು ತೆರಪು ಬೇಕು? ಇದಕ್ಕೆ ಲೆಕ್ಕವಿದೆ. ಆದರೆ ಸೇರುವಾಗ ಯಾರೂ ಇದನ್ನು ಬಿಡಿಸಿ ಹೇಳುವುದಿಲ್ಲ. ದೂರಶಿಕ್ಷಣದ ನಿಯಮದ ಪ್ರಕಾರ ಒಂದು ಕ್ರೆಡಿಟ್ ಅಂದರೆ ೩೦ ಗಂಟೆಯ ಓದು. ಪಾಠ ಓದುವುದು, ಅಸೈನ್‌ಮೆಂಟ್ ಬರೆಯುವುದು, ಸಂಪರ್ಕ ತರಗತಿ ಎಲ್ಲ ಸೇರಿ. ಈಗಿನ ಮೂರು ವರ್ಷದ ಪದವಿಗೆ ೧೨೦ ಕ್ರೆಡಿಟ್. ಗುಣಿಸಿ ನೋಡಿ: ೩೬೦೦ ಗಂಟೆ. ವರ್ಷಕ್ಕೆ ೧೨೦೦. ವಾರಕ್ಕೆ ೨೩. ಒಂದು ದಿನವೂ ತಪ್ಪದೆ ದಿನಕ್ಕೆ ಮೂರೂಕಾಲು ಗಂಟೆ.

ಇನ್ನು ಮುಂಬಯಿಯ ಕಡೆ ಬನ್ನಿ. ವಿರಾರಿನಲ್ಲಿ ಮನೆ, ಫೋರ್ಟಿನಲ್ಲಿ ಕೆಲಸ ಇರುವ ಒಬ್ಬ ಕನ್ನಡಿಗನನ್ನು ಎತ್ತಿಕೊಳ್ಳೋಣ. ವಾರಕ್ಕೆ ಒಟ್ಟು ೧೬೮ ಗಂಟೆ. ದಿನಕ್ಕೆ ಏಳರಂತೆ ನಿದ್ದೆಗೆ ೪೯ ತೆಗೆಯಿರಿ. ಊಟದ ಬಿಡುವೂ ಸೇರಿ ದಿನಕ್ಕೆ ಒಂಬತ್ತರಂತೆ ಆರು ದಿನದ ಕೆಲಸಕ್ಕೆ ೫೪. ಚರ್ಚ್‌ಗೇಟಿನಿಂದ ವಿರಾರಿಗೆ ೬೦ ಕಿಲೋಮೀಟರು. ಮನೆಯ ಬಾಗಿಲಿಂದ ಆಫೀಸಿನ ಬಾಗಿಲಿಗೆ ಹೋಗೋದು ಎರಡು ಗಂಟೆ, ಬರೋದು ಎರಡು ಗಂಟೆ ಅಂತ ಹಿಡಿದರೆ ಅದಕ್ಕೆ ೨೪. ಸ್ನಾನ, ಊಟ, ಬಟ್ಟೆ ಒಗೆಯುವುದು, ಸಾಮಾನು ತರುವುದು, ಇದಕ್ಕೆಲ್ಲ ದಿನಕ್ಕೆ ಎರಡೂವರೆಯಂತೆ ಹದಿನೇಳೂವರೆ. ಎಲ್ಲ ಕಳೆದರೆ ಉಳಿಯುವುದು ಇಪ್ಪತ್ತಮೂರೂವರೆ. ಅದರಲ್ಲಿ ೨೩ ಓದಿಗೆ. ಹಾಗಾದರೆ ವಾರಕ್ಕೆ ಅರ್ಧ ಗಂಟೆ ಅವನ ಸ್ವಂತದ್ದು. ಆ ಅರ್ಧ ಗಂಟೆಯಲ್ಲಿ ಅವನು ಜ್ವರ ಬರಿಸಿಕೊಳ್ಳಬೇಕು, ಅಮ್ಮನಿಗೆ ಫೋನು ಮಾಡಬೇಕು, ಸಂಬಂಧಿಕರ ಮದುವೆಗೆ ಹೋಗಬೇಕು, ಸಾಧ್ಯವಾದರೆ ಒಂದು ಯಕ್ಷಗಾನವನ್ನೂ ನೋಡಬೇಕು. ಇವನಿಗೆ ಹೋಗಿ "ವೇಳೆ ಹೊಂದಿಸಿಕೋ" ಅಂತ ಹೇಳುವವರ ಧೈರ್ಯಕ್ಕೆ ನಮಸ್ಕಾರ.

ರೈಲಿನ ನಾಲ್ಕು ಗಂಟೆ ಇದೆಯಲ್ಲ, ಅಲ್ಲಿ ಓದಬಾರದೇ ಅಂತ ಕೇಳುತ್ತಾರೆ. ಕೇಳುವವರು ಮಧ್ಯಾಹ್ನ ಹನ್ನೆರಡರ ಲೋಕಲ್ಲಿನಲ್ಲಿ ಹೋದವರಿರಬೇಕು. ಒಂದು ಚದರ ಮೀಟರ್ ಜಾಗದಲ್ಲಿ ೧೪ರಿಂದ ೧೬ ಜನ ನಿಲ್ಲುವ ದಟ್ಟಣೆಗೆ ರೈಲ್ವೆಯವರೇ ಒಂದು ಪ್ರತ್ಯೇಕ ಹೆಸರಿಟ್ಟುಕೊಂಡಿದ್ದಾರೆ. ಅಷ್ಟು ಜನರ ನಡುವೆ ಕೈ ಮೇಲೆತ್ತಿದರೆ ಇಳಿಸಲಿಕ್ಕೆ ಆಗುವುದಿಲ್ಲ, ಪುಸ್ತಕ ತೆರೆಯುವ ಮಾತೆಲ್ಲಿ. ಆದರೂ ರೈಲಿನಲ್ಲಿ ಒಂದು ಕೆಲಸ ಆಗುತ್ತದೆ. ಹಿಂದಿನ ದಿನ ಓದಿದ್ದನ್ನು ಪುಸ್ತಕವಿಲ್ಲದೆ ನೆನಪಿಸಿಕೊಳ್ಳುವುದು. ದಹಿಸರಿನಿಂದ ದಾದರಿನ ತನಕ ವಚನ ಚಳವಳಿಯ ಕಾರಣಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಎಣಿಸುವುದು, ಎಲ್ಲಿ ತಡೆಯಿತೋ ಅದನ್ನು ರಾತ್ರಿ ತೆಗೆದು ನೋಡುವುದು. ಹೊಸದನ್ನು ಕಲಿಯುವ ಜಾಗ ಅದಲ್ಲ. ಕಲಿತದ್ದು ಎಷ್ಟು ಉಳಿದಿದೆ ಅಂತ ಪರೀಕ್ಷಿಸಲಿಕ್ಕೆ ಒಳ್ಳೆಯ ಜಾಗ. ಬೆಳಿಗ್ಗೆ ಪ್ರವಾಹಕ್ಕೆ ಎದುರಾಗಿ, ಅಂದರೆ ದಾದರಿನಿಂದ ಬೊರಿವಲಿಯ ಕಡೆಗೆ ಕೆಲಸಕ್ಕೆ ಹೋಗುವ ಪುಣ್ಯವಂತರಿಗೆ ಕೂರಲು ಸೀಟು ಸಿಗುತ್ತದೆ. ಅವರ ಮಾತು ಬೇರೆ.

ಹಾಗಾದರೆ ತೆರಪು ಇಲ್ಲವೇ ಇಲ್ಲವೆ? ಇದೆ. ಆದರೆ ಒಬ್ಬೊಬ್ಬರ ಕೆಲಸಕ್ಕೆ ಒಂದೊಂದು ಕಡೆ ಇರುತ್ತದೆ. ಎಲ್ಲರಿಗೂ ಬೆಳಗಿನ ಜಾವ ಅಂತ ಒಂದೇ ಮದ್ದು ಕೊಟ್ಟರೆ ಆಗದು. ಹೊಟೇಲಿನವನಿಗೆ ಬೆಳಗಿನ ಜಾವ ಅಂದರೆ ಇಡ್ಲಿ ಹಬೆಗೆ ಇಡುವ ಹೊತ್ತು. ಅವನ ತೆರಪು ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ತನಕ, ಮೂರರಿಂದ ಐದರ ಒಳಗೆ. ಆಸ್ಪತ್ರೆಯ ನರ್ಸಿಗೆ ವಾರಕ್ಕೊಮ್ಮೆ ಪಾಳಿ ಬದಲಾಗುತ್ತದೆ. ಅವಳು ದಿನದ ಟೈಂಟೇಬಲ್ ಹಾಕಿದರೆ ಎಂಟನೇ ದಿನಕ್ಕೆ ಹರಿದು ಹೋಗುತ್ತದೆ, ಪಾಳಿಗೊಂದು ಟೈಂಟೇಬಲ್ ಬೇಕು. ಮನೆ ನಡೆಸುವ ಹೆಂಗಸಿಗೆ ಡಬ್ಬಿ ಕಟ್ಟಿ ಎಲ್ಲರನ್ನೂ ಕಳಿಸಿದ ಮೇಲೆ, ನಲ್ಲಿಯಲ್ಲಿ ನೀರು ಬರುವ ಮುಂಚೆ. ತನ್ನ ತೆರಪು ಎಲ್ಲಿದೆ ಅಂತ ಹುಡುಕುವುದು ಓದುವವನ ಕೆಲಸ, ಅದನ್ನು ಬೇರೆಯವರು ಮಾಡಿಕೊಡಲಾರರು. ಹುಡುಕಿದ ಮೇಲೆ ಅದನ್ನು ಕಾಯುವುದು ಮಾತ್ರ ಒಬ್ಬನ ಕೈಯಲ್ಲಿ ಇಲ್ಲ.

ಎರಡು ಉದಾಹರಣೆ ಕೊಡುತ್ತೇನೆ. ಕುರ್ಲಾದ ಒಂದು ಹೊಟೇಲಿನಲ್ಲಿ ಗಲ್ಲಾದ ಮೇಲೆ ಕೂರುವ ನನ್ನ ಸ್ನೇಹಿತನೊಬ್ಬ ಬಿ.ಕಾಂ. ಓದುತ್ತಿದ್ದ. ಮಧ್ಯಾಹ್ನದ ಬಿಡುವಿನಲ್ಲಿ ಮಾಳಿಗೆಗೆ ಹೋಗಿ ಪುಸ್ತಕ ತೆರೆದರೆ ಹತ್ತು ನಿಮಿಷಕ್ಕೊಮ್ಮೆ ಕೆಳಗಿಂದ ಕೂಗು. ಹಾಲಿನವನು ಬಂದಿದ್ದಾನೆ, ಗ್ಯಾಸಿನವನಿಗೆ ದುಡ್ಡು ಬೇಕು, ಚಿಲ್ಲರೆ ಎಲ್ಲಿದೆ. ಒಂದು ದಿನ ಅವನ ಧಣಿಯೇ ಹುಡುಗರನ್ನು ಕರೆದು ಹೇಳಿದರಂತೆ: "ಮೂರರಿಂದ ನಾಲ್ಕೂವರೆ ತನಕ ಅವ ಊರಿಗೆ ಹೋಗಿದ್ದಾನೆ ಅಂತ ತಿಳ್ಕೊಳ್ಳಿ ಮಾರಾಯ್ರೆ, ಏನಿದ್ದರೂ ನನ್ನನ್ನು ಕೇಳಿ." ಅಷ್ಟೇ. ಅವನಿಗೆ ಒಂದು ನಿಮಿಷವೂ ಹೆಚ್ಚು ಸಿಗಲಿಲ್ಲ. ಮೊದಲು ಇದ್ದ ಒಂದೂವರೆ ಗಂಟೆಯೇ ಪೂರ್ತಿಯಾಗಿ ಸಿಕ್ಕಿತು. ಅವನು ಪಾಸಾದ.

ಇನ್ನೊಬ್ಬರು ಠಾಣೆಯ ಅಕ್ಕ. ಎರಡು ಮಕ್ಕಳ ತಾಯಿ, ದೂರಶಿಕ್ಷಣದಲ್ಲಿ ಕನ್ನಡ ಎಂ.ಎ. ಮಾಡುತ್ತಿದ್ದಾರೆ. ಹೆಂಗಸರ ಕಷ್ಟ ಗಂಡಸರದ್ದಕ್ಕಿಂತ ಒಂದು ಪಟ್ಟು ಜಾಸ್ತಿ. ಗಂಡಸು ಪುಸ್ತಕ ಹಿಡಿದರೆ "ಓದುತ್ತಿದ್ದಾನೆ" ಅನ್ನುತ್ತಾರೆ, ಹೆಂಗಸು ಹಿಡಿದರೆ "ಮನೆಯಲ್ಲೇ ಇದ್ದಾಳಲ್ಲ" ಅನ್ನುತ್ತಾರೆ. ಮನೆಯಲ್ಲೇ ಇರುವವಳು ಕೊರಿಯರ್ ತೆಗೆದುಕೊಳ್ಳಬಹುದು, ಪಕ್ಕದ ಮನೆಯ ಬೀಗದಕೈ ಇಟ್ಟುಕೊಳ್ಳಬಹುದು, ಸೊಸೈಟಿಯ ವಾಚ್‌ಮನ್ನಿಗೆ ಉತ್ತರ ಹೇಳಬಹುದು. ಆ ಮನೆಯಲ್ಲಿ ಗಂಟೆ ಹೊಡೆಯುವುದು ಬಾಗಿಲಿನದ್ದು ಒಂದೇ, ಅದು ಅವಳನ್ನು ಪುಸ್ತಕದಿಂದ ಎಬ್ಬಿಸಲಿಕ್ಕೆ. ಈ ಅಕ್ಕ ಎರಡರಿಂದ ನಾಲ್ಕು ತನ್ನ ಕಾಲೇಜು ಅಂತ ಮನೆಯವರಿಗೆಲ್ಲ ಸಾರಿದರು. ಈಗ ಬಾಗಿಲು ತೆರೆಯುವುದು ಅವರ ಅತ್ತೆ. "ಅವಳು ಕಾಲೇಜಿನಲ್ಲಿದ್ದಾಳೆ, ನಾಲ್ಕರ ಮೇಲೆ ಬನ್ನಿ" ಅನ್ನುತ್ತಾರೆ. ಸೊಸೆ ಕೂತಿರುವುದು ಒಳಕೋಣೆಯಲ್ಲಿ, ಹತ್ತು ಅಡಿ ದೂರ. ಅತ್ತೆ ಹೇಳಿದ್ದರಲ್ಲಿ ಸುಳ್ಳಿದೆಯೇ? ನನಗಂತೂ ಕಾಣುವುದಿಲ್ಲ.

ಮುಂಬಯಿ ಕನ್ನಡಿಗರಿಗೆ ಇದು ಹೊಸ ಪಾಠವೇನೂ ಅಲ್ಲ. ನಮ್ಮ ಹಿರಿಯರು ರಾತ್ರಿ ಶಾಲೆಗಳನ್ನು ಕಟ್ಟಿದ್ದರು. ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿತು, ಬಿಲ್ಲವರ ಅಸೋಸಿಯೇಷನ್ ಕಟ್ಟಿತು, ಫೋರ್ಟಿನ ಕನ್ನಡ ಸಂಸ್ಥೆಗಳು ಕಟ್ಟಿದವು. ದಕ್ಷಿಣ ಕನ್ನಡದಿಂದ ಹಡಗಿನಲ್ಲಿ, ಬಸ್ಸಿನಲ್ಲಿ ಬಂದ ಹುಡುಗರು ಹಗಲು ಹೊಟೇಲಿನಲ್ಲಿ, ಕ್ಯಾಂಟೀನಿನಲ್ಲಿ ಲೋಟ ತೊಳೆದು ಸಂಜೆ ಅಲ್ಲಿಗೆ ಹೋಗಿ ಎಸ್.ಎಸ್.ಸಿ. ಮಾಡಿದರು. ಅಲ್ಲಿಂದ ಬ್ಯಾಂಕಿಗೆ ಹೋದವರುಂಟು, ವಕೀಲರಾದವರುಂಟು, ಸ್ವಂತ ಹೊಟೇಲು ಹಾಕಿದವರಂತೂ ಬೇಕಾದಷ್ಟು. ಆ ಹುಡುಗರಿಗೆ ಇವತ್ತಿನ ದೂರಶಿಕ್ಷಣದ ಹುಡುಗನಿಗಿಂತ ಹೆಚ್ಚು ವೇಳೆ ಇತ್ತೇ? ಇರಲಿಲ್ಲ. ಇದ್ದದ್ದು ಒಂದು ಗಂಟೆ, ಬಾರಿಸುವ ಗಂಟೆ. ಸಂಜೆಯಾದರೆ ಹುಡುಗ ಶಾಲೆಗೆ ಹೋಗಬೇಕು ಅನ್ನುವುದು ಧಣಿಗೆ ಗೊತ್ತು, ಭಟ್ಟರಿಗೆ ಗೊತ್ತು, ಜೊತೆಗೆ ಮಲಗುವ ಹತ್ತು ಹುಡುಗರಿಗೆ ಗೊತ್ತು. ಹೋಗದಿದ್ದರೆ ಯಾಕೆ ಹೋಗಲಿಲ್ಲ ಅಂತ ಕೇಳುವವರಿದ್ದರು. ಆ ಶಾಲೆಗಳಲ್ಲಿ ಹಲವು ಈಗ ಇಲ್ಲ. ಶಾಲೆಯ ಜೊತೆಗೆ ಆ ಕೇಳುವವರೂ ಹೋದರು.

ಹೊರದೇಶದ ಒಂದು ಮಾತು ಇಲ್ಲಿ ಹೇಳಬೇಕು. ಇಂಗ್ಲೆಂಡಿನ ಮುಕ್ತ ವಿಶ್ವವಿದ್ಯಾಲಯ ಪಾಠ ಶುರುಮಾಡಿದ್ದು ೧೯೭೧ರಲ್ಲಿ, ನಮ್ಮ ಮುಂಬಯಿಯವರು ಅಂಚೆ ಶಿಕ್ಷಣ ಶುರುಮಾಡಿದ ವರ್ಷವೇ. ಅವರು ಪಾಠದ ಪುಸ್ತಕವನ್ನು ಅಂಚೆಯಲ್ಲಿ ಕಳಿಸುವುದರ ಜೊತೆಗೆ ಬಿಬಿಸಿಯ ಟೆಲಿವಿಷನ್ನಿನಲ್ಲಿ ಉಪನ್ಯಾಸ ಪ್ರಸಾರ ಮಾಡುತ್ತಿದ್ದರು, ಊರೆಲ್ಲ ಮಲಗಿರುವ ಬೆಳಗಿನ ಜಾವ ಅಥವಾ ತಡರಾತ್ರಿ. ೨೦೦೬ರ ತನಕ ಅದು ನಡೆಯಿತು. ಪುಸ್ತಕದಲ್ಲಿ ಇಲ್ಲದ್ದು ಆ ಉಪನ್ಯಾಸದಲ್ಲಿ ಏನಿತ್ತೋ ನನಗೆ ಮುಖ್ಯವಲ್ಲ. ಆ ಹೊತ್ತಿಗೆ ದೇಶದ ಉದ್ದಗಲಕ್ಕೂ ಸಾವಿರಾರು ಜನ ಕಣ್ಣು ಹೊಸಕಿಕೊಂಡು ಒಂದೇ ಪರದೆಯ ಮುಂದೆ ಕೂತಿರುತ್ತಿದ್ದರಲ್ಲ, ಅದು ಮುಖ್ಯ. ಈಗ ಉಪನ್ಯಾಸಗಳು ಯಾವ ಹೊತ್ತಿಗೆ ಬೇಕಾದರೂ ಮೊಬೈಲಿನಲ್ಲಿ ಸಿಗುತ್ತವೆ. ಯಾವ ಹೊತ್ತಿಗೂ ನೋಡಬಹುದಾದ್ದನ್ನು ನಾವು ಎಷ್ಟು ಜನ ನೋಡುತ್ತೇವೆ ಅಂತ ಎದೆ ಮುಟ್ಟಿ ಹೇಳಿ.

ಸಂಸ್ಥೆಗಳ ಪಾಲನ್ನೂ ಹೇಳದೆ ಬಿಟ್ಟರೆ ಅನ್ಯಾಯವಾಗುತ್ತದೆ. ವೇಳೆ ಹೊಂದಿಸಿಕೋ ಅನ್ನುವ ಉಪದೇಶ ಯಾವಾಗಲೂ ವಿದ್ಯಾರ್ಥಿಗೆ, ಸಂಸ್ಥೆಗೆ ಯಾರೂ ಹೇಳುವುದಿಲ್ಲ. ನಾನು ಸೇರಿದ್ದ ಸಂಸ್ಥೆಯ ಹೆಸರು ಇಲ್ಲಿ ಬೇಡ. ಒಂದು ವರ್ಷ ಅವರ ಪುಸ್ತಕಗಳು ನನ್ನ ಕೈಗೆ ಬಂದಾಗ ಪರೀಕ್ಷೆಗೆ ಏಳು ವಾರ ಉಳಿದಿತ್ತು. ಸಂಪರ್ಕ ತರಗತಿ ಇಡುವುದು ಭಾನುವಾರ, ರೈಲ್ವೆಯವರು ಮೆಗಾ ಬ್ಲಾಕ್ ಇಡುವುದೂ ಭಾನುವಾರ. ಕಲ್ಯಾಣದಿಂದ ಹೊರಟ ಹುಡುಗಿ ತರಗತಿ ಮುಟ್ಟುವ ಹೊತ್ತಿಗೆ ಮೇಷ್ಟ್ರು ಸೀಮೆಸುಣ್ಣ ಕೊಡವಿಕೊಳ್ಳುತ್ತಿರುತ್ತಾರೆ. ಇನ್ನು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಪ್ರಕರಣ ಎಲ್ಲರಿಗೂ ಗೊತ್ತಿರುವುದೇ. ೨೦೧೨-೧೩ರ ನಂತರ ಅದಕ್ಕೆ ಮಾನ್ಯತೆ ಇಲ್ಲ ಎಂದು ಯುಜಿಸಿ ೨೦೧೫ರಲ್ಲಿ ಪ್ರಕಟಿಸಿತು. ರಾಜ್ಯದ ಹೊರಗೆ ಖಾಸಗಿಯವರ ಮೂಲಕ ಕೇಂದ್ರಗಳನ್ನು ನಡೆಸಿದ್ದು ಮುಖ್ಯವಾದ ಆಕ್ಷೇಪ. ಮಾನ್ಯತೆ ಮರಳಿ ಸಿಕ್ಕಿದ್ದು ೨೦೧೮ರಲ್ಲಿ. ನಡುವೆ ಸಿಕ್ಕಿಕೊಂಡ ವಿದ್ಯಾರ್ಥಿ ಕೂಡಿಟ್ಟ ಒಂದೊಂದು ಗಂಟೆಯ ಗತಿ ಏನಾಯಿತು ಯೋಚಿಸಿ. ಆದ್ದರಿಂದ ಸೇರುವ ಮುಂಚೆ ಆ ಕೋರ್ಸಿಗೆ ಆ ವರ್ಷ ಯುಜಿಸಿಯ ಮಾನ್ಯತೆ ಇದೆಯೇ, ಮುಂಬಯಿಯಲ್ಲಿ ಕೇಂದ್ರ ನಡೆಸಲು ಅವರಿಗೆ ಅಧಿಕಾರ ಇದೆಯೇ ಅಂತ ನೋಡುವುದೂ ವೇಳೆಯ ಲೆಕ್ಕದಲ್ಲೇ ಬರುತ್ತದೆ. ಅರ್ಧ ದಿನದ ಕೆಲಸ, ಮೂರು ವರ್ಷ ಉಳಿಸುತ್ತದೆ.

ಓದುವವರಿಗೆ ನನ್ನ ಅನುಭವದಿಂದ ಮೂರೇ ಮಾತು.

ಮೊದಲನೆಯದು, ಅಸೈನ್‌ಮೆಂಟನ್ನು ಕೊನೆಗೆ ಇಡಬೇಡಿ. ಇಗ್ನೋದಂಥ ಕಡೆ ನೂರಕ್ಕೆ ೩೦ ಪಾಲು ಅದಕ್ಕೆ, ೭೦ ಪರೀಕ್ಷೆಗೆ. ಬಹಳ ಜನ ಪುಸ್ತಕ ಪೂರ್ತಿ ಓದಿ ಆಮೇಲೆ ಬರೆಯೋಣ ಅಂತ ಕಾಯುತ್ತಾರೆ, ಕೊನೆಗೆ ಯುದ್ಧಕಾಲೇ ಶಸ್ತ್ರಾಭ್ಯಾಸ. ಪ್ರಶ್ನೆಯನ್ನು ಮೊದಲು ಓದಿ, ಅದಕ್ಕೆ ಉತ್ತರ ಹುಡುಕಲಿಕ್ಕೆ ಪುಸ್ತಕ ತೆರೆಯಿರಿ. ಒಂದೇ ಗಂಟೆಯಲ್ಲಿ ಎರಡು ಕೆಲಸ ಆಗುತ್ತದೆ.

ಎರಡನೆಯದು, ಹೊಟೇಲಿನ ಗಲ್ಲಾದ ಹಾಗೆ ದಿನದ ಲೆಕ್ಕ ಇಡಿ. ಎಷ್ಟು ಓದಬೇಕು ಅಂತ ಬರೆಯುವ ಪುಸ್ತಕ ಬೇಡ, ಎಷ್ಟು ಓದಿದೆ ಅಂತ ಬರೆಯುವ ಪುಸ್ತಕ. ಕ್ರೆಡಿಟ್ ಅನ್ನುವ ಶಬ್ದಕ್ಕೆ ನಮ್ಮ ಅಂಗಡಿಗಳಲ್ಲಿ ಉದ್ರಿ ಅನ್ನುತ್ತಾರೆ. ಜುಲೈಯಲ್ಲಿ ಉದ್ರಿ ಇಟ್ಟ ಗಂಟೆಗಳನ್ನು ಡಿಸೆಂಬರಿನಲ್ಲಿ ತೀರಿಸುತ್ತೇನೆ ಅನ್ನುವವನು ತೀರಿಸಿದ್ದನ್ನು ನಾನು ಕಂಡಿಲ್ಲ. ಇಂದು ನಗದು, ನಾಳೆ ಉದ್ರಿ ಅಂತ ಅಂಗಡಿಯಲ್ಲಿ ಬೋರ್ಡು ಹಾಕುತ್ತಾರಲ್ಲ, ಅದನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳಿ.

ಮೂರನೆಯದು, ಮೂರು ವರ್ಷದಲ್ಲೇ ಮುಗಿಸುತ್ತೇನೆ ಅನ್ನುವ ಹಟ ಬೇಡ. ಇಗ್ನೋದಲ್ಲಿ ಮೂರು ವರ್ಷದ ಬಿ.ಎ.ಯನ್ನು ಆರು ವರ್ಷದಲ್ಲಿ ಮುಗಿಸಲು ಅವಕಾಶವಿದೆ. ಆರಕ್ಕೆ ಹಂಚಿದರೆ ವಾರದ ೨೩ ಗಂಟೆ ಹನ್ನೊಂದೂವರೆಗೆ ಇಳಿಯುತ್ತದೆ, ವಿರಾರಿನ ನಮ್ಮ ಗೆಳೆಯ ಉಸಿರಾಡಬಹುದು. ನೆಲ್ಸನ್ ಮಂಡೇಲಾ ಕಾನೂನು ಪದವಿಗೆ ಸೇರಿದ್ದು ೧೯೪೩ರಲ್ಲಿ, ಪದವಿ ಕೈಗೆ ಬಂದದ್ದು ಜೈಲಿನಲ್ಲಿ ಅಂಚೆಯ ಮೂಲಕ ಓದಿ, ೧೯೮೯ರಲ್ಲಿ. ನಲವತ್ತಾರು ವರ್ಷ. ನಿಧಾನವಾಯಿತು ಅಂತ ಅವರನ್ನು ಯಾರೂ ಹಂಗಿಸಲಿಲ್ಲ. ನಮ್ಮ ಚಿಕ್ಕಪ್ಪನ ಮಗ ಐದು ವರ್ಷ ತೆಗೆದುಕೊಂಡರೆ ನಾವು "ಇನ್ನೂ ಮುಗೀಲಿಲ್ವಾ" ಅಂತ ಮದುವೆಯ ಪಂಕ್ತಿಯಲ್ಲಿ ಕೇಳುತ್ತೇವೆ. ದಯವಿಟ್ಟು ಕೇಳಬೇಡಿ. ಈ ಒಂದು ಪ್ರಶ್ನೆಯಿಂದ ಓದು ಬಿಟ್ಟವರಿದ್ದಾರೆ.

ನನ್ನ ವಾದಕ್ಕೆ ಎದುರು ವಾದ ಉಂಟು. ಗಂಟೆ ಬೇಡ ಅಂತಲೇ ಜನ ದೂರಶಿಕ್ಷಣಕ್ಕೆ ಹೋಗುವುದು, ಅದಕ್ಕೂ ಗಂಟೆ ಕಟ್ಟಿದರೆ ಸ್ವಾತಂತ್ರ್ಯ ಎಲ್ಲಿ ಉಳಿಯಿತು ಅಂತ ಒಬ್ಬ ಮಿತ್ರ ಕೇಳಿದ. ಅವನ ಮಾತನ್ನು ತಳ್ಳಿಹಾಕಲಾರೆ. ಹನ್ನೊಂದಕ್ಕೆ ಕಾಲೇಜಿಗೆ ಬರಲಾಗದವನಿಗೆ ಹನ್ನೊಂದರ ಗಂಟೆ ಶಿಕ್ಷೆಯೇ ಸರಿ. ಆದರೆ ಗಂಟೆ ಎಷ್ಟು ಹೊತ್ತಿಗೆ ಹೊಡೆಯಬೇಕು ಅನ್ನುವುದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಬೇರೆ, ಗಂಟೆಯೇ ಇಲ್ಲದಿರುವುದು ಬೇರೆ. ಕುರ್ಲಾದ ಹುಡುಗ ಮೂರು ಗಂಟೆಯನ್ನು ತಾನೇ ಆರಿಸಿದ, ಧಣಿ ಅದನ್ನು ಕಾದರು. ಇನ್ನೊಬ್ಬರು, ನಿಜವಾಗಿ ಆಸಕ್ತಿ ಇದ್ದವನು ಹೇಗಾದರೂ ಓದುತ್ತಾನೆ, ಬೀದಿದೀಪದ ಕೆಳಗೆ ಓದಿ ದೊಡ್ಡವರಾದವರಿಲ್ಲವೇ ಅನ್ನುತ್ತಾರೆ. ಇದ್ದಾರೆ. ಅಂಥ ಒಬ್ಬರ ಹೆಸರು ನಮಗೆ ನೆನಪಿರುವುದು ಉಳಿದ ನೂರು ಜನ ಅದೇ ದೀಪದ ಕೆಳಗೆ ಕೂತು ತೂಕಡಿಸಿ ಎದ್ದು ಹೋದದ್ದರಿಂದ. ಆ ನೂರು ಜನರೂ ನಮ್ಮವರೇ ಅನ್ನುವುದನ್ನು ಮರೆಯಬಾರದು.

ಈಗ ನಮ್ಮ ಸಾಹಿತ್ಯ ಸಂಘಕ್ಕೆ ಬರುತ್ತೇನೆ. ಕವಿಗೋಷ್ಠಿ ಮಾಡುತ್ತೇವೆ, ರಾಜ್ಯೋತ್ಸವ ಮಾಡುತ್ತೇವೆ, ಬಂದ ಅತಿಥಿಗೆ ಶಾಲು ಹೊದಿಸುತ್ತೇವೆ. ಮಾಡೋಣ, ಬೇಡ ಅನ್ನುವುದಿಲ್ಲ. ಅದರ ಜೊತೆಗೆ ಒಂದು ಕೆಲಸ ಸೇರಿಸಿಕೊಳ್ಳಬಹುದು ಅಂತ ನನ್ನ ಸೂಚನೆ. ಪ್ರಾಂಶುಪಾಲರನ್ನು ಕೇಳಿ ಶನಿವಾರ ಸಂಜೆ ಎರಡು ಗಂಟೆ ಒಂದು ಕೋಣೆ ಪಡೆಯೋಣ. ಶನಿವಾರ ಯಾಕೆಂದರೆ ಅವತ್ತು ಮೆಗಾ ಬ್ಲಾಕಿನ ಕಾಟವಿಲ್ಲ. ದೂರಶಿಕ್ಷಣದಲ್ಲಿ ಕನ್ನಡವನ್ನೋ ಬೇರೆ ವಿಷಯವನ್ನೋ ಓದುತ್ತಿರುವ ನಮ್ಮ ಪರಿಚಯದವರು ಯಾರು ಬೇಕಾದರೂ ಬಂದು ಕೂತು ಓದಲಿ. ಪಾಠ ಹೇಳಬೇಕಾಗಿಲ್ಲ, ಭಾಷಣ ಖಂಡಿತ ಬೇಡ. ನಾವೂ ನಮ್ಮ ಪುಸ್ತಕ ಹಿಡಿದು ಅವರ ಪಕ್ಕದಲ್ಲಿ ಕೂತರೆ ಸಾಕು. ಷಟ್ಪದಿಯ ಗಣ ಹಾಕಲು ಬಾರದವರಿಗೆ ಹತ್ತು ನಿಮಿಷ ತೋರಿಸಿದರೆ ನಮ್ಮ ಗಂಟೇನೂ ಹೋಗುವುದಿಲ್ಲ. ಕೋಣೆ ಸಿಗದಿದ್ದರೆ ಮಾಟುಂಗಾದ ಮೈಸೂರು ಅಸೋಸಿಯೇಷನ್ನು, ಮಾಹಿಮಿನ ಕರ್ನಾಟಕ ಸಂಘ, ಉಪನಗರಗಳ ಕನ್ನಡ ಸಂಘಗಳು ಇದ್ದಾವೆ, ಹೋಗಿ ಕೇಳೋಣ. ನೋಟ್ಸ್ ಹಂಚಿ ಗಿಣಿಪಾಠ ಮಾಡಿಸುತ್ತೀರಿ ಅಂತ ಯಾರಾದರೂ ಆಕ್ಷೇಪಿಸಿದರೆ, ನೋಟ್ಸ್ ಹಂಚದಿರೋಣ, ಪುಸ್ತಕ ಹಂಚೋಣ. ಒಬ್ಬೊಬ್ಬರೂ ಒಬ್ಬರ ಹೆಸರು ಬರೆದುಕೊಂಡು, ಅವರು ಎರಡು ವಾರ ಬಾರದಿದ್ದರೆ ಫೋನು ಮಾಡಿ "ಯಾಕೆ ಬರಲಿಲ್ಲ" ಅಂತ ಕೇಳುವ ಹೊಣೆ ಹೊತ್ತರೆ ರಾತ್ರಿ ಶಾಲೆಯ ಅರ್ಧ ಕೆಲಸ ಆದ ಹಾಗೆ.

ಖರ್ಚು ಚಹಾದ್ದು ಮಾತ್ರ. ಶಾಲಿನ ಬಾಬತ್ತಿನಿಂದ ತೆಗೆಯಬಹುದು. ಸಂಘದ ಮುಂದಿನ ಸಭೆಯಲ್ಲಿ ಈ ವಿಷಯ ಎತ್ತುತ್ತೇನೆ. ಒಪ್ಪುವವರು ಅವತ್ತು ಬರುವಾಗ ತಮ್ಮ ಮನೆಯಲ್ಲೋ ಚಾಳಿನಲ್ಲೋ ಹೀಗೆ ಓದುತ್ತಿರುವ ಒಬ್ಬರ ಹೆಸರನ್ನು, ಅವರಿಗೆ ತೆರಪು ಸಿಗುವ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಿರಿ, ಜಗಳ ಆಡೋಣ.